ಆರು ಚುಕ್ಕೆಯ ರಣಹದ್ದು

ಕಳೆದ ತಿಂಗಳು ಗೆಳೆಯನೊಬ್ಬ ಬೈರಾಪಟ್ಟಣದ ನಮ್ಮ ಮನೆಗೆ ವಿಆರ್ ಹೆಡ್‌ಸೆಟ್ ತಂದಿದ್ದ. ಅದರಲ್ಲಿ ರಾಮನಗರದ ರಾಮದೇವರ ಬೆಟ್ಟದ 360 ಡಿಗ್ರಿ ವಿಡಿಯೊ ಇತ್ತು, ಅವನೇ ಬಾಡಿಗೆ ಕ್ಯಾಮೆರಾದಲ್ಲಿ ತೆಗೆದದ್ದು. ‘ಅಲ್ಲೇ ನಿಂತ ಹಾಗಿರುತ್ತೆ’ ಎಂದು ಅಜ್ಜಿಯ ಕಣ್ಣಿಗೆ ಕಟ್ಟಿದ. ಅಜ್ಜಿ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಕತ್ತು ತಿರುಗಿಸಿ ನೋಡಿ, ‘ಬೆಟ್ಟ ಸುತ್ತಾನೂ ಐತೆ ಕಣ್ಲಾ, ಹದ್ದೆಲ್ಲಿ?’ ಎಂದಳು.

ಹದ್ದು ಇತ್ತು. ಗೆಳೆಯ ಲ್ಯಾಪ್‌ಟಾಪಿನಲ್ಲಿ ವಿಡಿಯೊ ನಿಲ್ಲಿಸಿ ತೋರಿಸಿದ. ಬಂಡೆಯ ನೆತ್ತಿಯ ಮೇಲೆ ಒಂದು ಕಪ್ಪು ಕಲೆ.

ಅಜ್ಜಿಯ ಪ್ರಶ್ನೆಯನ್ನು ನಾನು ವಿಮರ್ಶೆಯೆಂದೇ ತೆಗೆದುಕೊಂಡೆ. ಲೆಕ್ಕ ಹಾಕಿ ನೋಡಿದೆ. (ಕನ್ನಡ ಎಂ.ಎ. ಮಾಡಿದವನ ಲೆಕ್ಕ, ಆದರೆ ಭಾಗಾಕಾರ ಮಾತ್ರ.) 4ಕೆ ವಿಡಿಯೊ ಎಂದರೆ ಅಡ್ಡಕ್ಕೆ 3840 ಪಿಕ್ಸೆಲ್. ಟಿವಿಯಲ್ಲಿ ಅಷ್ಟೂ ನಮ್ಮೆದುರಿನ ಒಂದು ಚೌಕಟ್ಟಿನೊಳಗೆ ಇರುತ್ತದೆ. ಇಲ್ಲಿ ಅದನ್ನೇ ನಮ್ಮ ಸುತ್ತ, ಬೆನ್ನ ಹಿಂದೆಯೂ ಹರಡಬೇಕು. ಒಂದು ಡಿಗ್ರಿಗೆ ಸಿಗುವುದು 11ಕ್ಕೂ ಕಡಿಮೆ. ಸರಿದೃಷ್ಟಿಯ ಕಣ್ಣು ಅದೇ ಒಂದು ಡಿಗ್ರಿಯೊಳಗೆ ಸುಮಾರು 60 ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. ರೆಕ್ಕೆ ಬಿಚ್ಚಿದರೆ ಸುಮಾರು ಎರಡು ಮೀಟರ್ ಅಗಲವಾಗುವ ರಣಹದ್ದು 200 ಮೀಟರ್ ದೂರದಲ್ಲಿ ಹಾರಿದರೆ ಬರಿಗಣ್ಣಿಗೆ 34 ಚುಕ್ಕೆಯಷ್ಟು ವಿವರ, ಈ ವಿಡಿಯೊದಲ್ಲಿ ಆರು. ಆರು ಚುಕ್ಕೆಯಲ್ಲಿ ಹದ್ದಿಗೂ ಕಾಗೆಗೂ ವ್ಯತ್ಯಾಸವಿಲ್ಲ.

ಒಳ್ಳೆಯ ಹೆಡ್‌ಸೆಟ್ ಕೊಂಡರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. 2016ರ ಆಕ್ಯುಲಸ್ ರಿಫ್ಟ್‌ನಲ್ಲಿ ಒಂದೊಂದು ಕಣ್ಣಿಗೆ 1080×1200 ಪಿಕ್ಸೆಲ್ ಇತ್ತು. ಆ ಚಿತ್ರವನ್ನು ಸೆಕೆಂಡಿಗೆ 90 ಸಲ ಮೂಡಿಸಲು ದುಬಾರಿ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರ್ ಬೇಕಿತ್ತು. ತಲೆ ತಿರುಗಿಸಿದಾಗ ಚಿತ್ರ ತಡವಾದರೆ ಹೊಟ್ಟೆ ತೊಳಸುತ್ತದೆ, ಅದಕ್ಕೇ ಆ ವೇಗ. 2020ರ ಕ್ವೆಸ್ಟ್ 2ರಲ್ಲಿ 1832×1920. ಕಂಪ್ಯೂಟರಿನ ಹಂಗಿಲ್ಲ, ಕೆಲಸವೆಲ್ಲ ಹೆಡ್‌ಸೆಟ್ಟಿನೊಳಗಿನ ಮೊಬೈಲ್ ಮಾದರಿಯ ಚಿಪ್ಪಿನದು. ಅದರ ಪರದೆ ಡಿಗ್ರಿಗೆ ಸುಮಾರು 20 ಪಿಕ್ಸೆಲ್ ಕೊಡುತ್ತದೆ. ಅಂದರೆ ಅಜ್ಜಿಗೆ ಹದ್ದು ಕಾಣದಿರಲು ಕಾರಣ ಪರದೆಗಿಂತ ಮೊದಲು ವಿಡಿಯೊ. ಕಣ್ಣಿನ ಮಟ್ಟಕ್ಕೆ ಏರಬೇಕಾದರೆ ಒಂದೊಂದು ಚಿತ್ರವೂ ಈಗಿನದಕ್ಕಿಂತ ಸುಮಾರು 32 ಪಟ್ಟು ದೊಡ್ಡದಾಗಬೇಕು. ಬೈರಾಪಟ್ಟಣದ ನೆಟ್‌ವರ್ಕಿನ ಮಾತು ಬೇಡ ಬಿಡಿ.

ಇದೇ ಸುತ್ತಿನ ಬಂಡೆಗಳನ್ನು ಜಗತ್ತು ನೋಡಿದ್ದು 1975ರ ‘ಶೋಲೆ’ಯಲ್ಲಿ. ಅದೂ 35 ಎಂ.ಎಂ.ನಲ್ಲಿ ತೆಗೆದು 70 ಎಂ.ಎಂ.ಗೆ ಹಿಗ್ಗಿಸಿದ ಚಿತ್ರವೇ. ಆದರೆ ಯಾವುದನ್ನು ಹತ್ತಿರದಿಂದ ತೋರಿಸಬೇಕು ಎಂದು ಅಲ್ಲಿ ಯಾರೋ ತೀರ್ಮಾನಿಸಿದ್ದರು. ಬೇಕೆಂದಾಗ ಕ್ಯಾಮೆರಾ ಮುಖದ ಹತ್ತಿರ ಹೋಗುತ್ತದೆ, ಬೆಟ್ಟ ಚೌಕಟ್ಟಿನಾಚೆ ಉಳಿಯುತ್ತದೆ. 360 ಡಿಗ್ರಿ ಕ್ಯಾಮೆರಾಕ್ಕೆ ನಿಂತಲ್ಲಿಂದ ಯಾವುದನ್ನೂ ಹತ್ತಿರಕ್ಕೆ ಎಳೆಯಲಾಗದು. ಯಾವುದನ್ನೂ ಬಿಡದೆ ಸುತ್ತ ಇದ್ದುದೆಲ್ಲವನ್ನೂ ತುಂಬಿಕೊಳ್ಳುವುದರಿಂದ ಪ್ರತಿಯೊಂದಕ್ಕೂ ಸಿಗುವ ಪಾಲು ತೆಳ್ಳಗಾಗುತ್ತದೆ. ಕಂಡದ್ದನ್ನೆಲ್ಲ ಪಟ್ಟಿ ಮಾಡುವ ಕೆಲವು ಪ್ರವಾಸ ಕಥನಗಳನ್ನು ಓದುವಾಗಲೂ ನನಗೆ ಹೀಗೇ ಆಗುತ್ತದೆ.

ಹೆಡ್‌ಸೆಟ್ ತೆಗೆದ ಮೇಲೆ ಅಜ್ಜಿ ಬೇರೊಂದು ಹದ್ದಿನ ಸುದ್ದಿ ತೆಗೆದಳು. ಊರಾಚೆ ಬಿದ್ದ ಸತ್ತ ಎತ್ತಿನ ಮೇಲೆ ಅದು ಇಳಿಯುತ್ತಿದ್ದ ರೀತಿ, ಬೋಳು ಕತ್ತು, ಕುಪ್ಪಳಿಸುವ ನಡಿಗೆ. ಬೆಟ್ಟದ ಸುದ್ದಿಯೇ ಇಲ್ಲ, ಆದರೆ ಹದ್ದು ಇತ್ತು.

ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಿದ್ದು 2012ರಲ್ಲಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿ, ಸತ್ತ ದನಗಳ ಮಾಂಸದ ಮೂಲಕ ದೇಶದುದ್ದಕ್ಕೂ ಈ ಹಕ್ಕಿಗಳನ್ನು ಕೊಂದಿತ್ತು. ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಲಾಯಿತು. ಇಲ್ಲಿ ಉಳಿದಿರುವ ಉದ್ದಕೊಕ್ಕಿನ ಹದ್ದುಗಳು ಬೆರಳೆಣಿಕೆಯಷ್ಟು. ಸ್ಥಳಗಳನ್ನು ವಿಆರ್‌ನಲ್ಲಿ ‘ಮುಂದಿನ ಪೀಳಿಗೆಗೆ ದಾಖಲಿಸುವ’ ಮಾತು ಸೆಮಿನಾರುಗಳಲ್ಲಿ ಕೇಳಿಬರುತ್ತಿರುವಾಗ ನನ್ನ ಆತಂಕ ಇದು: ಈ ದಾಖಲೆಯಲ್ಲಿ ಬೆಟ್ಟ ಪೂರ್ತಿ ಇರುತ್ತದೆ, ಹದ್ದು ಆಗಲೇ ಇಲ್ಲವಾಗಿರುತ್ತದೆ, ಮತ್ತು ನೋಡಿದವರಿಗೆ ಏನೂ ಕಮ್ಮಿಯಾದಂತೆ ಅನ್ನಿಸುವುದಿಲ್ಲ.

ಗೆಳೆಯ ಮುಂದಿನ ಸಲ ಉದ್ದನೆಯ ಲೆನ್ಸಿನ ಸಾದಾ ಕ್ಯಾಮೆರಾ ಒಯ್ಯುತ್ತೇನೆ ಎಂದಿದ್ದಾನೆ. ಬಾಡಿಗೆ ಹೆಚ್ಚಂತೆ.