ಕದ್ದು ಕೇಳುವವನ ಮನೆಯ ಬೀಗಗಳು

ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ 1974ರಲ್ಲಿ ನಿರ್ದೇಶಿಸಿದ ‘ದ ಕಾನ್ವರ್ಸೇಷನ್’ ಚಲನಚಿತ್ರದ ನಾಯಕ ಹ್ಯಾರಿ ಕಾಲ್, ಹಣಕ್ಕಾಗಿ ಪರರ ಮಾತನ್ನು ಕದ್ದು ಧ್ವನಿಮುದ್ರಿಸುವ ನಿಪುಣ. ತನ್ನ ಮನೆಗೆ ಮಾತ್ರ ಹಲವು ಬೀಗ ಜಡಿದಿದ್ದಾನೆ. ಹುಟ್ಟುಹಬ್ಬದಂದು ಮನೆಯೊಡತಿ ಒಳಗೆ ಉಡುಗೊರೆ ಇಟ್ಟುಹೋದರೆ ದಿಗಿಲುಬೀಳುತ್ತಾನೆ.

ಹ್ಯಾರಿ ಕಥೋಲಿಕ. ಪಾಪನಿವೇದನೆಯ ದೃಶ್ಯವೇ ಚಿತ್ರದ ತಿರುಳೆಂದು ನನ್ನ ಎಣಿಕೆ. ಹಣ ಕೊಡದೆ ಪತ್ರಿಕೆ ಎತ್ತಿಕೊಂಡದ್ದನ್ನು ಒಪ್ಪಿಕೊಳ್ಳುತ್ತಾನೆ. ತನ್ನ ಕೆಲಸದಿಂದ ಇಬ್ಬರು ತರುಣರಿಗೆ ಕೇಡಾದೀತೆಂದು ಹೇಳಿ, ಅದಕ್ಕೆ ತಾನು ಹೊಣೆಯಲ್ಲವೆನ್ನುತ್ತಾನೆ. ಪರದೆಯಾಚೆಯ ಕಿವಿ ಕೇಳಿದ್ದನ್ನು ಹೂತುಬಿಡುತ್ತದೆ. ಹ್ಯಾರಿಯ ಯಂತ್ರ ಕೇಳಿದ್ದು ಮಾರಾಟಕ್ಕೆ. ಈ ಅಂತರವನ್ನು ಕೊಪ್ಪೊಲ ಉಪದೇಶವಿಲ್ಲದೆ ತೋರಿಸುತ್ತಾರೆ. (ಹೋಟೆಲಿನ ರಕ್ತದ ದೃಶ್ಯವಾದರೋ ಅತಿಯಾಯಿತು.)

ಚಿತ್ರ ಒಂದೆಡೆ ಹಳತಾಗಿದೆ. ಅಲ್ಲಿ ಕದಿಯಲು ಕುಶಲಿಯೊಬ್ಬ ಬೇಕಿತ್ತು. ಇಂದು ಟಾರ್ಚ್ ಆ್ಯಪ್ ಸಂಪರ್ಕಪಟ್ಟಿ ಕೇಳಿದರೂ ನಾವೇ ಒಪ್ಪಿಗೆಯ ಗುಂಡಿ ಒತ್ತುತ್ತೇವೆ. ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಗುವಿನ ಚಿತ್ರ, ಹೆಸರು, ಶಾಲೆ ಎಲ್ಲವನ್ನೂ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಸಾರಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ. ಆ ಹಕ್ಕು ಮಗುವಿಗೂ ಇದೆಯಲ್ಲವೇ? ಆ್ಯಪ್‌ಗೆ ಕೊಟ್ಟ ಅನುಮತಿಯನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಿಂಪಡೆಯಬಹುದು. ಹತ್ತು ಕೈ ದಾಟಿದ ಚಿತ್ರವನ್ನು ಹಿಂಪಡೆಯಲಾಗದು.

ಕೊನೆಗೆ ಹ್ಯಾರಿ, ಯಾರೋ ಅಡಗಿಸಿಟ್ಟ ಸಾಧನ ಹುಡುಕುತ್ತ ಸ್ವಂತ ಮನೆಯನ್ನೇ ಕಿತ್ತುಹಾಕುತ್ತಾನೆ. ಮಾತೆ ಮರಿಯಳ ಪುಟ್ಟ ಪ್ರತಿಮೆಯ ಮುಂದೆ ಕ್ಷಣಕಾಲ ತಡೆಯುತ್ತಾನೆ. ಆಮೇಲೆ ಅದನ್ನೂ ಒಡೆಯುತ್ತಾನೆ. ಒಳಗೆ ಏನೂ ಇಲ್ಲ.