ಹಳೆಯ ಕಾರಿಗೆ ಒಂದೇ ಬಾಗಿಲು

ಕಾದಂಬರಿ ಬಂದರೆ ವಿಮರ್ಶೆ ಬರೆಯುತ್ತೇವೆ, ಸಿನಿಮಾ ಬಂದರೂ ಬರೆಯುತ್ತೇವೆ. ಸರ್ಕಾರದ ಆದೇಶಕ್ಕೆ ಮಾತ್ರ ಯಾರೂ ವಿಮರ್ಶೆ ಬರೆದದ್ದನ್ನು ನಾನು ಕಾಣೆ. ಅದೂ ಗದ್ಯವೇ ತಾನೆ? ಕಾದಂಬರಿ ಚೆನ್ನಾಗಿಲ್ಲದಿದ್ದರೆ ನಮಗೆ ಎರಡು ಮಧ್ಯಾಹ್ನ ನಷ್ಟ, ಅಷ್ಟೆ. ಆದೇಶ ಚೆನ್ನಾಗಿ ಬರೆದಿರದಿದ್ದರೆ ಯಾರದೋ ಮನೆಯ ಬಂಗಾರ ಬ್ಯಾಂಕಿನ ತಿಜೋರಿ ಸೇರುತ್ತದೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸಿದ ಧೈರ್ಯದ ಮೇಲೆ ಅಂಥದೊಂದು ಆದೇಶವನ್ನು ಇಲ್ಲಿ ಓದಲು ಕೂತಿದ್ದೇನೆ.

ವಿದೇಶದಲ್ಲಿ ಬಳಸಿದ ಕಾರನ್ನು ಭಾರತಕ್ಕೆ ತರುವುದು ಹೇಗೆ ಎಂಬುದು ಅದರ ವಿಷಯ. ವಿದೇಶ ವ್ಯಾಪಾರ ನೀತಿಯ ಆಮದು ಪಟ್ಟಿಯಲ್ಲಿ 87ನೇ ಅಧ್ಯಾಯವೆಂದರೆ ರೈಲು, ಟ್ರಾಮು ಬಿಟ್ಟು ಉಳಿದ ವಾಹನಗಳ ಅಧ್ಯಾಯ. ಈ ಷರತ್ತುಗಳಿಗೊಂದು ಹಿನ್ನೆಲೆಯಿದೆ. ಆಮದಿನ ಮೇಲಿನ ನಿರ್ಬಂಧಗಳ ಬಗ್ಗೆ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಹೂಡಿದ ದಾವೆಯಲ್ಲಿ ನಾವು 1999ರಲ್ಲಿ ಸೋತೆವು. 2001ರ ಏಪ್ರಿಲ್ 1ರಂದು ಕಡೆಯ 715 ಸರಕುಗಳ ಮೇಲಿನ ನಿರ್ಬಂಧ ತೆಗೆದುಹಾಕಬೇಕಾಯಿತು. ಬಳಸಿದ ಕಾರಿಗೆ ಬಾಗಿಲು ತೆರೆದದ್ದು ಆಗ. ತೆರೆದ ಕೈಯೇ ಅದಕ್ಕೆ ಒಂದರ ಮೇಲೊಂದು ಅಗಳಿಯನ್ನೂ ಹಾಕಿತು.

ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟಿಯರಿಂಗು ಬಲಗಡೆ ಇರಬೇಕು. ವೇಗದ ಮುಳ್ಳು ಕಿಲೋಮೀಟರಿನಲ್ಲಿ ತೋರಿಸಬೇಕು, ಹೆಡ್‌ಲೈಟು ಎಡಗಡೆ ಸಾಗುವ ಸಂಚಾರಕ್ಕೆ ಹೊಂದಬೇಕು. ಹಡಗು ಹತ್ತುವ ಮುಂಚೆ ಅಲ್ಲಿ ಪರೀಕ್ಷೆಯಾಗಿ ಪ್ರಮಾಣಪತ್ರ ಬೇಕು, ಇಳಿದ ಮೇಲೆ ಪುಣೆಯಲ್ಲೋ ಅಹಮದ್‌ನಗರದಲ್ಲೋ (ಈಗ ಅದರ ಹೆಸರು ಅಹಿಲ್ಯಾನಗರ) ಮತ್ತೊಂದು ಪರೀಕ್ಷೆ. ಇನ್ನೈದು ವರ್ಷ ರಸ್ತೆಗೆ ಯೋಗ್ಯವಾಗಿರಬೇಕು, ಆ ಐದೂ ವರ್ಷ ಈ ದೇಶದಲ್ಲಿ ರಿಪೇರಿಯ ಅನುಕೂಲ ಒದಗಿಸುವ ಭರವಸೆ ಕೊಡಬೇಕು. ಕೊನೆಯದು, ಮುಂಬೈ ಬಂದರೊಂದರ ಮೂಲಕವೇ ಬರಬೇಕು.

ಇದನ್ನು ನಾನು ಓದುವಂತಾದದ್ದು ನಮ್ಮ ಶಾಲೆಯಲ್ಲೇ ಕಲಿತ ಒಬ್ಬ ಹುಡುಗಿಯಿಂದ. ಹುಡುಗಿ ಅನ್ನುತ್ತೇನೆ, ಈಗ ಎರಡು ಮಕ್ಕಳ ತಾಯಿ. ಗಂಡ ಕುವೈತಿನಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಾನೆ. ಸವಣೂರಿನ ಓಣಿಗಳಲ್ಲಿ ಗಲ್ಫಿನ ಸಂಬಂಧ ಇಲ್ಲದ ಮನೆ ಹುಡುಕಬೇಕು ಎನ್ನುವಷ್ಟು ಇಂಥವರಿದ್ದಾರೆ. ಒಂದು ಸಂಜೆ ಇಂಗ್ಲಿಷ್ ಹಾಳೆ ಹಿಡಿದು ಬಂದಳು.

"ಅಕ್ಕಾವ್ರ, ನಮ್ಮನಿಯವರು ಕಾರು ಹಡಗಿನ್ಯಾಗ ಹಾಕಿ ಕಳಿಸ್ತೇನಂತಾರ್ರಿ. ಮುಂಬೈದಾಗ ಒಬ್ಬ ಏಜೆಂಟ್ ಅದಾನಂತ, ಎರಡು ಲಕ್ಷ ಮುಂಗಡ ಕೇಳ್ಯಾನ. ನನ್ನ ಬಂಗಾರ ಬ್ಯಾಂಕಿನ್ಯಾಗ ಇಟ್ಟು ಕೊಡು ಅನ್ನಾಕತ್ತಾರ. ಇದನ್ನ ಒಂದೀಟ ಓದಿ ಹೇಳ್ರಿ."

ಕಾರು ಎಷ್ಟು ವರ್ಷದ್ದೆಂದು ಕೇಳಿದೆ. ಐದು ವರ್ಷದ್ದು. ಮೊದಲ ಷರತ್ತಿನಲ್ಲೇ ಮುಗಿಯಿತು. ಆದರೆ ಎರಡನೆಯದನ್ನು ನೋಡಿದಾಗ ನನಗೆ ಸಿಟ್ಟು ಬಂತು. ಕುವೈತ್, ಸೌದಿ, ದುಬೈ, ಕತಾರ್, ಒಮಾನ್, ಬಹರೇನ್, ಎಲ್ಲ ಕಡೆಯೂ ರಸ್ತೆಯ ಬಲಗಡೆ ಗಾಡಿ ಓಡಿಸುತ್ತಾರೆ, ಸ್ಟಿಯರಿಂಗು ಎಡಗಡೆ. ಅಂದರೆ ಹೊರದೇಶಕ್ಕೆ ಹೋದ ನಮ್ಮವರಲ್ಲಿ ಅತಿ ಹೆಚ್ಚು ಜನ ಇರುವ ಕಡೆಯ ಕಾರುಗಳು ಒಂದೇ ಒಂದು ವಾಕ್ಯದಲ್ಲಿ ಹೊರಬಿದ್ದವು. ಇಂಗ್ಲೆಂಡು, ಆಸ್ಟ್ರೇಲಿಯ, ಸಿಂಗಾಪುರ, ಜಪಾನಿನಲ್ಲಿ ಇರುವವರಿಗೆ ಈ ತೊಡಕಿಲ್ಲ. 'ಗಲ್ಫಿನಿಂದ ತರುವಂತಿಲ್ಲ' ಎಂದು ಆದೇಶದಲ್ಲಿ ಎಲ್ಲೂ ಬರೆದಿಲ್ಲ. ಓದುವವರೇ ಭೂಗೋಳ ಕೂಡಿಸಿಕೊಂಡು ಅರ್ಥ ಮಾಡಿಕೊಳ್ಳಬೇಕು.

ಸುರಕ್ಷತೆಗಾಗಿ ಹೀಗೆ ಮಾಡಿದ್ದಾರೆ ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಮು ಏನು ಹೇಳುತ್ತದೆ ನೋಡಿ. ಎಡಗಡೆ ಸ್ಟಿಯರಿಂಗಿನ ವಾಹನವನ್ನು, ಅದರಲ್ಲಿ ಯಾಂತ್ರಿಕ ಇಲ್ಲವೆ ವಿದ್ಯುತ್ತಿನ ಸಂಕೇತ ಸಾಧನ ಇಲ್ಲದಿದ್ದರೆ, ಸಾರ್ವಜನಿಕ ಸ್ಥಳದಲ್ಲಿ ಓಡಿಸಬಾರದಂತೆ. ಇದ್ದರೆ ಓಡಿಸಬಹುದು ಎಂದಾಯಿತು. ಈಗ ಯಾವ ಕಾರಿನಲ್ಲಿ ಇಂಡಿಕೇಟರ್ ಇಲ್ಲ? ರಸ್ತೆಯ ಕಾಯ್ದೆ ಆಗಬಹುದು ಎನ್ನುತ್ತದೆ, ಬಂದರಿನ ನಿಯಮ ಆಗದು ಎನ್ನುತ್ತದೆ. ಒಂದೇ ಸರ್ಕಾರದ ಎರಡು ಕಾಗದ ಒಂದರ ಮುಖ ಒಂದು ನೋಡಿಲ್ಲ. ಪ್ರವಾಸಿಗಳು ಕಾರ್ನೆ ಎಂಬ ಕಾಗದದ ಮೇಲೆ ಆರು ತಿಂಗಳ ಮಟ್ಟಿಗೆ ತಮ್ಮ ಕಾರು ತಂದು ದೇಶ ಸುತ್ತಿ ವಾಪಸು ಒಯ್ಯುತ್ತಾರಲ್ಲ, ಅವುಗಳಲ್ಲಿ ಎಡಗೈ ಗಾಡಿಗಳೂ ಇರುತ್ತವೆ.

ನನಗೆ ಇನ್ನೂ ಹೆಚ್ಚು ಕಸಿವಿಸಿಯಾದದ್ದು ಆ ಐದು ವರ್ಷದ ರಿಪೇರಿಯ ಭರವಸೆಯಿಂದ. ಕಂಪನಿಯೊಂದು ಕೊಡಬಹುದಾದ ಭರವಸೆಯನ್ನು ಮರಗೆಲಸ ಮಾಡಿ ಬಂದ ಒಬ್ಬ ಮನುಷ್ಯ ಎಲ್ಲಿಂದ ತರಬೇಕು? ಊಟಕ್ಕೆ ಬನ್ನಿ ಎಂದು ಕರೆದು, ನಿಮ್ಮ ಎಲೆ, ನಿಮ್ಮ ನೀರು, ನಿಮ್ಮ ಅಡಿಗೆಯವನನ್ನು ಕರೆತನ್ನಿ ಎಂದಂತಾಯಿತು. 'ಅನುಮತಿ ಉಂಟು' ಎಂದು ಶುರುವಾಗುವ ವಾಕ್ಯ 'ಇಲ್ಲ' ಎನ್ನುವುದಕ್ಕೆ ಇಷ್ಟು ದೂರ ನಡೆಯಬೇಕಿರಲಿಲ್ಲ. ಈ ದೂರದಲ್ಲೇ ಏಜೆಂಟರು ಅಂಗಡಿ ಇಡುವುದು.

ಬಂದರಿನ ಮಾತೂ ಹಾಗೆಯೇ. ಹೊಸ ಕಾರಿಗೆ ಚೆನ್ನೈ, ಕೋಲ್ಕತ್ತ ಮುಂತಾದ ಹಲವು ಬಂದರುಗಳಿವೆ. ಹಳೆಯದಕ್ಕೆ ಮುಂಬೈ ಒಂದೇ. ಸವಣೂರಿನ ವೀಳ್ಯದೆಲೆಗೂ ಮುಂಬೈ ದಾರಿ ಹೊಸದೇನಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಕೇನೋ! ಮಂಗಳೂರು ನಮಗೆ ಅದಕ್ಕಿಂತ ಬಹಳ ಹತ್ತಿರ.

ಹಾಗಂತ ಈ ಬಾಗಿಲನ್ನು ಹಾರು ಹೊಡೆಯಬೇಕೆಂದು ನಾನು ಹೇಳಲಾರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2020ರಲ್ಲಿ ಒಂದು ವರದಿ ತಂದಿತು. 2015ರಿಂದ 2018ರ ತನಕ ಜಗತ್ತಿನಲ್ಲಿ 1 ಕೋಟಿ 40 ಲಕ್ಷ ಬಳಸಿದ ಲಘು ವಾಹನಗಳು ಗಡಿ ದಾಟಿದವಂತೆ. ನೂರಕ್ಕೆ ಎಂಬತ್ತು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ, ಅರ್ಧಕ್ಕೂ ಹೆಚ್ಚು ಆಫ್ರಿಕಕ್ಕೆ. ಯುರೋಪು, ಜಪಾನು, ಅಮೆರಿಕಗಳ ಮನೆಯಂಗಳ ಚೊಕ್ಕಟವಾಯಿತು, ಹೊಗೆ ಬೇರೆಯವರ ಮಕ್ಕಳ ಎದೆಗೆ ಹೋಯಿತು. ನಮ್ಮ ದೊಡ್ಡಹುಣಸೆ ಕಲ್ಮಠದ ಆನೆಗಾತ್ರದ ಮರಗಳು ಆಫ್ರಿಕದ ಮೂಲದವು. ಅವರು ಕೊಟ್ಟದ್ದು ನೆರಳು, ಅವರಿಗೆ ಹೋಗುತ್ತಿರುವುದು ಈ ಹಳೇ ಕಬ್ಬಿಣ. ಪಕ್ಕದ ಶ್ರೀಲಂಕಾದಲ್ಲಿ ಜಪಾನಿನ ಬಳಸಿದ ಕಾರುಗಳದೇ ದೊಡ್ಡ ವ್ಯಾಪಾರ. ಡಾಲರು ಉಳಿಸಲೆಂದು 2020ರಲ್ಲಿ ವಾಹನಗಳ ಆಮದನ್ನೇ ನಿಲ್ಲಿಸಿ, 2025ರಲ್ಲಿ ಮತ್ತೆ ಬಿಟ್ಟರು. ಹೀಗಾಗಿ ಮೂರು ವರ್ಷದ ಮಿತಿಯೂ ಹೊಗೆಯ ಪರೀಕ್ಷೆಯೂ ನನಗೆ ಒಪ್ಪಿಗೆ. ನನ್ನ ತಕರಾರು ಬಿಗಿಯ ಬಗ್ಗೆ ಇಲ್ಲ, ಬರವಣಿಗೆಯ ಬಗ್ಗೆ ಇದೆ. ಮತ್ತೆ ಲೆಕ್ಕದ ಬಗ್ಗೆ.

ಲೆಕ್ಕಕ್ಕೆ ಬರೋಣ. 2025ರ ಫೆಬ್ರವರಿ ಬಜೆಟ್ಟಿನಲ್ಲಿ ಬಳಸಿದ ಕಾರಿನ ಮೂಲ ಸುಂಕವನ್ನು ನೂರಕ್ಕೆ 125ರಿಂದ 70ಕ್ಕೆ ಇಳಿಸಿದರು. ಆ ಹುಡುಗಿಯ ಗಂಡನಿಗೆ ಆಸೆ ಹುಟ್ಟಿದ್ದೇ ಈ ಸುದ್ದಿಯಿಂದ. ಸುದ್ದಿ ಸುಳ್ಳಲ್ಲ, ಅರ್ಧ ಮಾತ್ರ. ಮೊದಲು 125ರ ಮೇಲೆ ಹತ್ತರಲ್ಲೊಂದು ಪಾಲು, ಅಂದರೆ 12.5, ಸಮಾಜ ಕಲ್ಯಾಣ ಸರ್‌ಚಾರ್ಜು ಇತ್ತು. ಒಟ್ಟು 137.5. ಬಜೆಟ್ಟಿನಲ್ಲಿ ಆ ಸರ್‌ಚಾರ್ಜು ತೆಗೆದು, 70ರ ಜೊತೆಗೆ ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ಸೆಂದು 67.5 ಸೇರಿಸಿದರು. ಕೂಡಿಸಿ ನೋಡಿ, ಅದೇ 137.5. ಏಳನೇ ಈಯತ್ತೆಯ ಹುಡುಗರೂ ಮಾಡುವ ಲೆಕ್ಕ.

ಹಾಳೆಯ ಬೆನ್ನಿಗೇ ಅವಳಿಗೆ ಬರೆದು ತೋರಿಸಿದೆ. ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿಸಿ ಕಾರಿನ ಬೆಲೆ 6 ಲಕ್ಷ ಎಂದು ಹಿಡಿಯೋಣ. ಸುಂಕ 8 ಲಕ್ಷ 25 ಸಾವಿರ. ಅಲ್ಲಿಗೆ 14 ಲಕ್ಷ 25 ಸಾವಿರ, ಅದರ ಮೇಲೆ ಜಿಎಸ್‌ಟಿ ಬೇರೆ, ಹಾವೇರಿಯಲ್ಲಿ ನೋಂದಣಿ, ರಸ್ತೆ ತೆರಿಗೆ ಬೇರೆ. ಅವಳು ಬಹಳ ಹೊತ್ತು ಆ ಹಾಳೆಯನ್ನೇ ನೋಡಿದಳು. "ಬಂಗಾರ ಪೂರಾ ಇಟ್ರೂ ಸಾಲೂದಿಲ್ರಿ" ಎಂದಳು.

ಬರಿಯ ಹೆಸರು ಬದಲಾದರೆ ಏನಾಯಿತು ಎನ್ನಬೇಡಿ. ಮೂಲ ಸುಂಕದ ಹಣ ಕೇಂದ್ರವು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಹಣ. 15ನೇ ಹಣಕಾಸು ಆಯೋಗ ಆ ಪಾಲನ್ನು ನೂರಕ್ಕೆ 41 ಎಂದು ಗೊತ್ತುಮಾಡಿತ್ತು. ಸೆಸ್ಸು, ಸರ್‌ಚಾರ್ಜು ಹಂಚುವ ಹಣವಲ್ಲ, ಪೂರ್ತಿ ಕೇಂದ್ರದ್ದು. ಅದೇ 6 ಲಕ್ಷದ ಕಾರಿನಲ್ಲಿ ಮೊದಲು 7 ಲಕ್ಷ 50 ಸಾವಿರ ಹಂಚುವ ಗಂಟಿಗೆ ಬೀಳುತ್ತಿತ್ತು, ಬಜೆಟ್ಟಿನ ನಂತರ 4 ಲಕ್ಷ 20 ಸಾವಿರ. ಕಾರು ತಂದವನಿಗೆ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ, ರಾಜ್ಯಗಳ ಪಾಲು ಮಾತ್ರ ಕರಗಿತು. ರೈತರ ಹೆಸರಿನಲ್ಲಿ! ನನಗೆ ಕಂಡ ಸುದ್ದಿಗಳಲ್ಲಿ ಶೀರ್ಷಿಕೆ 'ಸುಂಕ ಇಳಿಕೆ' ಎಂದೇ ಇತ್ತು. ನಾನು ಉತ್ತರಪತ್ರಿಕೆ ತಿದ್ದುವಾಗ ಅರ್ಧ ಉತ್ತರಕ್ಕೆ ಅರ್ಧ ಅಂಕವೇ ಕೊಡುವುದು.

ನಿಯಮ ಎಲ್ಲರಿಗೂ ಒಂದೇ ಎಂದು ಮಕ್ಕಳಿಗೆ ಪೌರನೀತಿ ಪಾಠ ಮಾಡುವಾಗ ಒಂದು ಹಳೆಯ ಪ್ರಸಂಗ ನೆನಪಾಗುತ್ತದೆ. 2002ರಲ್ಲಿ ಸಚಿನ್ ತೆಂಡೂಲ್ಕರ್ ಬ್ರಾಡ್ಮನ್ನರ 29 ಶತಕಗಳನ್ನು ಸರಿಗಟ್ಟಿದ್ದಕ್ಕೆ ಫಿಯೆಟ್ ಕಂಪನಿ ಒಂದು ಫೆರಾರಿ ಕಾರು ಕೊಟ್ಟಿತು. ಅದು ಹೊಸ ಕಾರು, ನಮ್ಮ ಷರತ್ತುಗಳಿಗೆ ಸೇರಿದ್ದಲ್ಲ. ಆದರೂ 1 ಕೋಟಿ 13 ಲಕ್ಷದ ಸುಂಕವನ್ನು ಸರ್ಕಾರ 2003ರಲ್ಲಿ ಮನ್ನಾ ಮಾಡಿತು. ಗಲಾಟೆಯಾಯಿತು, ಕೋರ್ಟಿಗೂ ಹೋಯಿತು, ಕಡೆಗೆ ಕಂಪನಿಯೇ ಹಣ ಕಟ್ಟಿತು. ಆಟಗಾರನ ಮೇಲೆ ನನಗೇನೂ ಬೇಸರವಿಲ್ಲ. ಮನ್ನಾ ಬರೆಯುವಾಗ ಆ ಕಛೇರಿಯ ಭಾಷೆ ಎಷ್ಟು ಸಲೀಸಾಯಿತು ಎಂಬುದಷ್ಟೇ ನನಗೆ ಮುಖ್ಯ.

2025ರ ಸೆಪ್ಟೆಂಬರ್ 23ರಂದು ಕೊಚ್ಚಿಯ ಕಸ್ಟಮ್ಸ್‌ನವರು ಕೇರಳದ ತುಂಬ ದಾಳಿ ಮಾಡಿ ಮೂವತ್ತಕ್ಕೂ ಹೆಚ್ಚು ಗಾಡಿಗಳನ್ನು ವಶಪಡಿಸಿಕೊಂಡರು. ಭೂತಾನಿನಿಂದ ನೆಲದ ಗಡಿ ದಾಟಿ ಬಂದ ಹಳೆಯ ಜೀಪು, ದೊಡ್ಡ ಕಾರುಗಳು ಎಂಬ ಶಂಕೆ. ಸೈನ್ಯದ, ರಾಯಭಾರ ಕಛೇರಿಯ ಹೆಸರಿನಲ್ಲಿ ಸುಳ್ಳು ಕಾಗದ ಹುಟ್ಟಿಸಿ, ದೂರದ ರಾಜ್ಯಗಳಲ್ಲಿ ನೋಂದಣಿ ಮಾಡಿಸಿದ್ದರೆಂದು ಅಧಿಕಾರಿಗಳು ಹೇಳಿದರು. ದಾಳಿಗೆ ಇಟ್ಟ ಹೆಸರು 'ನುಮ್‌ಖೋರ್'. ಭೂತಾನಿನ ಭಾಷೆಯಲ್ಲಿ ವಾಹನ ಎಂದರ್ಥವಂತೆ. ನಮ್ಮ ಟೀವಿಯವರು ಎರಡು ದಿನ ಇದನ್ನೇ ತೋರಿಸಿದರು. ಏನು ತೋರಿಸಿದರು? ಸಿನಿಮಾ ನಟರ ಮನೆಯ ಗೇಟು. ಆ ಗಾಡಿ ಬರಬಾರದ ದಾರಿಯಲ್ಲಿ ಬಂತು ಎಂದರೆ ಬರಬೇಕಾದ ದಾರಿ ಯಾವುದು ಎಂದು ನಾನು ನೋಡಿದಷ್ಟರಲ್ಲಿ ಯಾರೂ ಹೇಳಲಿಲ್ಲ. ಮುಂಬೈ ಬಂದರೊಂದೇ ಎಂಬ ಒಂದು ಸಾಲು ಹೇಳಿದ್ದರೆ ಸಾಕಿತ್ತು. ನೆಲದ ಗಡಿ ದಾಟಿ ಬಂದ ವಿದೇಶಿ ಬಳಕೆಯ ಕಾರು ಎಷ್ಟೇ ಅಗ್ಗವಿದ್ದರೂ ಮುಟ್ಟಬಾರದೆಂದು ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ನೋಡುವ ಮನೆಯವರಿಗೂ ತಿಳಿಯುತ್ತಿತ್ತು. ನೀವು ಯಾರಾದರೂ ಅಂಥ ಗಾಡಿ ನೋಡುತ್ತಿದ್ದರೆ, ಮೊದಲ ನೋಂದಣಿ ಯಾವ ರಾಜ್ಯದ್ದು, ಮೊದಲ ಮಾಲೀಕರು ಯಾರು, ಚಾಸಿ ನಂಬರು ಕಾಗದದಲ್ಲಿದ್ದದ್ದೇ ಗಾಡಿಯ ಮೇಲೂ ಇದೆಯೇ ಎಂದು ಕೇಳಿರಿ. ಕೇಳಿದರೆ ಮುಖ ಸಿಂಡರಿಸುವ ವ್ಯಾಪಾರಿಯ ಗಾಡಿ ಬೇಡ.

ಆ ಹುಡುಗಿಯ ಬಂಗಾರ ಮನೆಯಲ್ಲೇ ಉಳಿಯಿತು. ಗಂಡ ಕಾರನ್ನು ಕುವೈತಿನಲ್ಲೇ ಮಾರಿದ. ಅವಳಿಗೆಂದು ನಾನು ಷರತ್ತುಗಳನ್ನು ಅರ್ಧ ಹಾಳೆಯ ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ಮೊದಲ ಸಾಲು: 'ಗಲ್ಫಿನ ಎಡಗಡೆ ಸ್ಟಿಯರಿಂಗಿನ ಕಾರು ಬರುವುದಿಲ್ಲ, ಯಾರಿಗೂ ಮುಂಗಡ ಕೊಡಬೇಡಿ.' ಉಳಿದದ್ದು ನಾಲ್ಕೇ ಸಾಲು. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಯಾರಾದರೂ ಇದನ್ನು ಕನ್ನಡದಲ್ಲಿ, ತೆಲುಗಿನಲ್ಲಿ, ಮಲಯಾಳದಲ್ಲಿ ಅಚ್ಚು ಹಾಕಿಸಿ ವಿಮಾನ ನಿಲ್ದಾಣದಲ್ಲಿ ಅಂಟಿಸಲು ಎಷ್ಟು ಖರ್ಚು? ನನ್ನ ಹಾಳೆಯ ಫೋಟೋ ಕುವೈತಿನ ಒಂದು ರೂಮಿನಿಂದ ಇನ್ನೊಂದಕ್ಕೆ ಹೋಗಿದೆಯಂತೆ. ಅಲ್ಲಿಂದ ಒಬ್ಬರು ಕೇಳಿ ಕಳಿಸಿದ್ದಾರೆ, ಕಾರು ಹೋಗಲಿ, ಫ್ರಿಜ್ಜಿಗೂ ಹೀಗೇ ಏನಾದರೂ ಇದೆಯೇ ಅಂತ.