ಗೆಳೆತನಕ್ಕೆ ಖಾತೆಯಿಲ್ಲದ ಕಾಯ್ದೆ

ಕೊಡುಗೆಯ ಯೋಗ್ಯತೆಯನ್ನು ಹಿರಿಯರು ನಾಲ್ಕು ಕಡೆಗಳಿಂದ ತೂಗಿದರು: ಕೊಡುವವನು ಯಾರು, ಪಡೆಯುವವನು ಯಾರು, ಕೊಡುವ ವಸ್ತು ಎಂಥದು, ಕೊಡುವ ರೀತಿ ಯಾವುದು. ಭಾರತದ ಆದಾಯ ತೆರಿಗೆಯ ಕಾನೂನೂ ಕೊಡುಗೆಯನ್ನು ತೂಗುತ್ತದೆ. ಆದರೆ ಅದರ ತಕ್ಕಡಿಯಲ್ಲಿರುವ ತೂಕದ ಕಲ್ಲುಗಳು ಮುಖ್ಯವಾಗಿ ಎರಡೇ: ವಸ್ತುವಿನ ಬೆಲೆ ಮತ್ತು ನೆಂಟಸ್ತಿಕೆ. ಈ ತೂಕ ಎಷ್ಟು ನ್ಯಾಯವಾದುದೆಂಬುದು ವಿಚಾರಾರ್ಹ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ವರ್ತಕನು ಸಣ್ಣ ಕಂಪನಿಯನ್ನು ಆರಂಭಿಸಿದಾಗ ಸಹಪಾಠಿಯೊಬ್ಬನು ಬ್ಯಾಂಕಿನ ಸಾಲಕ್ಕೆ ಜಾಮೀನು ನಿಂತನು. ಮುಂದೆ ಆ ಗೆಳೆಯ ಅಮೆರಿಕದಲ್ಲಿ ನೆಲೆಸಿದನು. ಕಂಪನಿ ಬೆಳೆಯಿತು. ಮೂವತ್ತು ವರ್ಷಗಳ ಬಳಿಕ ವರ್ತಕನಿಗೆ ಋಣ ನೆನಪಾಗಿ, 40 ಲಕ್ಷ ರೂಪಾಯಿ ಬೆಲೆಯ ಷೇರುಗಳನ್ನು ಗೆಳೆಯನ ಹೆಸರಿಗೆ ಬರೆದುಕೊಡಬೇಕೆಂಬ ಮನಸ್ಸಾಗುತ್ತದೆ. ಕಾನೂನು ಇದಕ್ಕೆ ಏನನ್ನುತ್ತದೆ?

ಕೊಡುವವನ ಮಟ್ಟಿಗೆ ಅದು ಉದಾರವಾಗಿದೆ. ವ್ಯಕ್ತಿಯೊಬ್ಬನು ದಾನವಾಗಿ ಕೊಟ್ಟ ಷೇರನ್ನು ಮಾರಾಟವೆಂದು ಎಣಿಸುವುದಿಲ್ಲ. ಬಂಡವಾಳ ಲಾಭದ ತೆರಿಗೆ ಅವನಿಗಿಲ್ಲ. ಹೊರೆಯೆಲ್ಲ ಪಡೆದವನದು. ಭಾರತೀಯ ಕಂಪನಿಯ ಷೇರು ಭಾರತದಲ್ಲಿಯೇ ಇರುವ ಸ್ವತ್ತು. ಆದುದರಿಂದ ಗೆಳೆಯನು ಕಡಲಾಚೆಯಲ್ಲಿದ್ದರೂ ಆ 40 ಲಕ್ಷ ಅವನ ಭಾರತೀಯ ಆದಾಯವಾಗುತ್ತದೆ. ಬೇರೆ ಆದಾಯವಿಲ್ಲದಿದ್ದರೂ 2025–26ರ ಹೊಸ ಪದ್ಧತಿಯ ದರದಂತೆ ಸೆಸ್ ಸೇರಿ 8,11,200 ರೂಪಾಯಿ ತೆರಬೇಕು. ಕೈಗೆ ಒಂದು ಕಾಸೂ ಬಾರದೆ ಕೈಯಿಂದ ಎಂಟು ಲಕ್ಷ ಹೋಗುತ್ತದೆ. ಅದೇ ಷೇರು ಅಮೆರಿಕದಲ್ಲಿರುವ ಒಡಹುಟ್ಟಿದ ತಮ್ಮನಿಗೆ ಹೋದರೆ ಈ ತೆರಿಗೆ ಸೊನ್ನೆ. ಕಷ್ಟಕಾಲದಲ್ಲಿ ಜಾಮೀನಿಗೆ ನಿಂತವನು ತಮ್ಮನಲ್ಲವೆಂಬುದು ಲೆಕ್ಕಕ್ಕೆ ಬರುವುದಿಲ್ಲ.

ಈ ಸ್ಥಿತಿ ಹಿಂದಿನಿಂದಲೂ ಇದ್ದುದಲ್ಲ. ನಿಕೊಲಸ್ ಕಾಲ್ಡರ್ ಅವರ 1956ರ ವರದಿಯ ಬೆನ್ನಿಗೆ ಬಂದ 1958ರ ಕೊಡುಗೆ ತೆರಿಗೆ ಕಾಯ್ದೆ ಕೊಡುವವನಿಂದ ತೆರಿಗೆ ಪಡೆಯುತ್ತಿತ್ತು. 1998ರ ಅಕ್ಟೋಬರ್ 1ರ ನಂತರದ ಕೊಡುಗೆಗಳಿಗೆ ಅದು ನಿಂತಿತು. 2004ರಲ್ಲಿ ಹೊರೆ ಪಡೆಯುವವನ ಹೆಗಲಿಗೆ ಬಂತು. ಮೊದಲು ಹಣಕ್ಕೆ ಮಾತ್ರ, 2009ರ ಅಕ್ಟೋಬರ್‌ನಿಂದ ಷೇರು ಮೊದಲಾದ ಸ್ವತ್ತಿಗೂ. ವರ್ಷಕ್ಕೆ 50,000 ರೂಪಾಯಿ ಮೀರಿದರೆ ಇಡೀ ಮೊತ್ತವೇ ಆದಾಯ. 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತುಪಡಿಸಿದ 2025ರ ಆದಾಯ ತೆರಿಗೆ ಕಾಯ್ದೆಯೂ ಈ ತತ್ತ್ವವನ್ನೇ ಉಳಿಸಿಕೊಂಡಿದೆ.

ಇದರ ಒಳಗಿನ ವಿರೋಧಗಳು ಗಮನಾರ್ಹ. ಗೆಳೆಯನ ಮದುವೆಯ ಸಂದರ್ಭದಲ್ಲಿ ಕೊಟ್ಟರೆ ಈ ತೆರಿಗೆಯಿಲ್ಲ. ಉಯಿಲಿನ ಮೂಲಕ ಬಂದರೂ ಇಲ್ಲ. ಎಂದರೆ ಕಾಯ್ದೆ ಗೆಳೆತನವನ್ನು ಮದುವೆಯ ಚಪ್ಪರದಲ್ಲಿ ಒಪ್ಪುತ್ತದೆ, ಕೊಡುವವನ ಮರಣಾನಂತರ ಒಪ್ಪುತ್ತದೆ. ಇವೆರಡರ ನಡುವಿನ ಇಡೀ ಬಾಳಿನಲ್ಲಿ ಒಪ್ಪುವುದಿಲ್ಲ.

ತೆರಿಗೆಗೂ ಮೊದಲೇ ಇನ್ನೊಂದು ತಡೆಯುಂಟು. ವಿದೇಶವಾಸಿಗೆ ಷೇರು ದಾನ ಮಾಡಲು ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕೆಂದು 2019ರ ವಿದೇಶಿ ವಿನಿಮಯ ನಿಯಮಗಳು ವಿಧಿಸಿದವು. ಅದಕ್ಕೆ ಇಟ್ಟ ಷರತ್ತುಗಳಲ್ಲಿ ಇವೂ ಸೇರಿವೆ: ಕೊಡುಗೆ ಕಂಪನಿಯ ಪಾವತಿಯಾದ ಬಂಡವಾಳದ ಶೇಕಡಾ 5ನ್ನು ಮೀರಬಾರದು, ವರ್ಷಕ್ಕೆ 50,000 ಡಾಲರ್ ಬೆಲೆಯನ್ನು ದಾಟಬಾರದು, ಇಬ್ಬರೂ ಕಂಪನಿ ಕಾಯ್ದೆಯ ಅರ್ಥದಲ್ಲಿ ನೆಂಟರಾಗಿರಬೇಕು. ಇಲ್ಲಿಯ ನೆಂಟರ ಪಟ್ಟಿಯೇ ಬೇರೆ. ಸೋದರಮಾವ ಆದಾಯ ತೆರಿಗೆಗೆ ನೆಂಟ, ಕಂಪನಿ ಕಾಯ್ದೆಗೆ ಅಲ್ಲ. ಗೆಳೆಯನಂತೂ ಎರಡಕ್ಕೂ ಪರಕೀಯ. ಆದರೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗಿನ ಒಟ್ಟು ಮಿತಿಯೊಳಗೆ ಅದೇ ಗೆಳೆಯನಿಗೆ ಹಣವನ್ನು ಕೊಡುಗೆಯಾಗಿ ಕಳುಹಿಸಲು ಅಡ್ಡಿಯಿಲ್ಲ. ಆ ಹಣಕ್ಕೂ 2019ರ ಜುಲೈ 5ರಿಂದ ಭಾರತದ ತೆರಿಗೆ ತಗಲುತ್ತದೆಂಬುದು ಬೇರೆ ಮಾತು. ಗೆಳೆಯನು ನೆಲೆಸಿದ ಅಮೆರಿಕದಲ್ಲಾದರೋ ಕೊಡುಗೆ ಪಡೆದವನ ಆದಾಯವೇ ಅಲ್ಲ. ಅಲ್ಲಿ ಕೊಡುಗೆ ತೆರಿಗೆಯ ಹೊಣೆ ಕೊಡುವವನದು.

ಇಂಥಲ್ಲಿ ವ್ಯಾಪಾರಿಯ ಮನಸ್ಸು ಅಡ್ಡದಾರಿಯತ್ತ ಹೊರಳುವುದು ಸಹಜ. ‘ನೂರು ರೂಪಾಯಿಗೆ ಮಾರಿದಂತೆ ಬರೆದರಾಯಿತು’ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಇದು ನೀತಿಗೂ ಹೊರತು, ಲೆಕ್ಕಕ್ಕೂ ನಷ್ಟ. ಪೇಟೆಯಲ್ಲಿ ನೋಂದಣಿಯಾಗದ ಷೇರನ್ನು ಕಡಿಮೆ ಬೆಲೆಗೆ ಮಾರಿದರೆ ನ್ಯಾಯಬೆಲೆ ಬಂದಿತೆಂದೇ ಎಣಿಸಿ ಮಾರಿದವನಿಗೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ. ಉಳಿದ ವ್ಯತ್ಯಾಸವೇ ಕೊಂಡವನ ಆದಾಯವಾಗುತ್ತದೆ. ಒಂದೇ ವ್ಯತ್ಯಾಸಕ್ಕೆ ಎರಡು ಕೈಗಳಲ್ಲಿ ತೆರಿಗೆ. ವಿದೇಶವಾಸಿಗೆ ನ್ಯಾಯಬೆಲೆಗಿಂತ ಕೆಳಗೆ ಮಾರಬಾರದೆಂಬ ಸಾಮಾನ್ಯ ನಿಯಮವೂ ಮುರಿಯುತ್ತದೆ. ಕೃತಜ್ಞತೆಯಿಂದ ಹೊರಟ ಕೆಲಸ ಸುಳ್ಳು ಕಾಗದದಲ್ಲಿ ಮುಗಿಯುತ್ತದೆ.

ತಪ್ಪು ಕಾನೂನಿನದು ಮಾತ್ರವೆಂದರೆ ಅರ್ಧಸತ್ಯವಾದೀತು. ಹೆಸರಿಗೊಬ್ಬ ವಿದೇಶವಾಸಿಯನ್ನು ದಾನಿಯೆಂದು ತೋರಿಸಿ, ತನ್ನದೇ ಕಪ್ಪುಹಣವನ್ನು ಕೊಡುಗೆಯ ವೇಷದಲ್ಲಿ ಖಾತೆಗೆ ತಂದುಕೊಂಡ ಪ್ರಕರಣಗಳು ನ್ಯಾಯಾಲಯಗಳ ಮುಂದೆ ಎಷ್ಟೋ ಬಂದಿವೆ. ಕೊಡುಗೆ ಎಂಬ ಮಾತಿನ ಮೇಲಿನ ನಂಬಿಕೆಯನ್ನು ಕೆಡಿಸಿದವರು ಅಧಿಕಾರಿಗಳಲ್ಲ, ವ್ಯವಹಾರಸ್ಥರೇ. ಕೆಲವರ ಸುಳ್ಳಿಗೆ ಎಲ್ಲರ ಗೆಳೆತನವೂ ದಂಡ ತೆರುತ್ತಿದೆ.

ಆದರೂ ಸಂಶಯಕ್ಕೆ ನೆಂಟಸ್ತಿಕೆಯೊಂದೇ ಪರಿಹಾರವಲ್ಲ. ಸುಳ್ಳು ಕೊಡುಗೆ ತಮ್ಮನ ಹೆಸರಿನಲ್ಲೂ ನಡೆಯಬಲ್ಲದು. ದಾನಿ ಯಾರು, ಅವನಿಗೆ ಆ ಶಕ್ತಿ ಇತ್ತೇ, ವ್ಯವಹಾರ ನಿಜವೇ ಎಂಬ ಮೂರು ಪರೀಕ್ಷೆಗಳನ್ನು ನ್ಯಾಯಾಲಯಗಳು ಬಹುಕಾಲದಿಂದ ಬಳಸುತ್ತಿವೆ. ಒಂದು ಮಿತಿಯೊಳಗೆ, ದಾಖಲೆಸಹಿತವಾಗಿ, ಈ ಪರೀಕ್ಷೆಯಲ್ಲಿ ಗೆದ್ದ ಕೊಡುಗೆಯನ್ನು ಗೆಳೆಯನಿಗೂ ತೆರಿಗೆಯಿಲ್ಲದೆ ಬಿಡುವುದರಿಂದ ಬೊಕ್ಕಸ ಬರಿದಾಗದು. ತೆರಿಗೆ ಬೇಕೇಬೇಕೆಂದರೆ 1958ರ ಕಾಯ್ದೆಯಂತೆ ಕೊಡುವವನಿಂದ ಪಡೆಯುವುದು ಹೆಚ್ಚು ನ್ಯಾಯ. ಕೊಡುವ ಶಕ್ತಿಯುಳ್ಳವನಿಗೆ ತೆರುವ ಶಕ್ತಿಯೂ ಇರುತ್ತದೆ. ಎರಡು ಕಾಯ್ದೆಗಳ ನೆಂಟರ ಪಟ್ಟಿಯಾದರೂ ಒಂದಾಗಬೇಕು.

ಕಾನೂನು ತಿದ್ದುಪಡಿಯಾಗುವ ತನಕ ಆ ವರ್ತಕನ ಮುಂದಿರುವುದು ನೇರದಾರಿಯೊಂದೇ: ಷೇರನ್ನು ನ್ಯಾಯಬೆಲೆಗೆ ಮಾರಿ, ತನ್ನ ತೆರಿಗೆ ತೆತ್ತು, ಉಳಿದ ಹಣವನ್ನು ಬ್ಯಾಂಕಿನ ಮೂಲಕ ಕೊಡುಗೆಯೆಂದೇ ಬರೆದು ಕಳುಹಿಸುವುದು, ಗೆಳೆಯನಿಗೆ ಬೀಳುವ ತೆರಿಗೆಯನ್ನು ಅವನಿಗೆ ಮೊದಲೇ ತಿಳಿಸುವುದು. ಗೆಳೆಯನ ಕೈ ಸೇರುವುದು ಕಡಿಮೆಯಾದೀತು. ಆದರೆ ಋಣ ತೀರಿಸಿದ ಲೆಕ್ಕಪುಸ್ತಕದಲ್ಲಿ ಹೊಸ ಸುಳ್ಳೊಂದು ಸೇರಿರುವುದಿಲ್ಲ.